ದೇವಿಗೆ ನಗು ಬಂದ ಪ್ರಶ್ನೆ

ನನ್ನ ಸ್ಕೂಟರಿನ ಬಗ್ಗೆ ಯಾರೂ ಹಗುರವಾಗಿ ಮಾತಾಡಬಾರದು. ಹಳೆಯದು, ಹೌದು. ಉಪ್ಪುಗಾಳಿಗೆ ತಗಡೆಲ್ಲ ತುಕ್ಕು ಹಿಡಿದಿದೆ, ಅದೂ ಹೌದು. ಆದರೆ ನಮ್ಮ ಚಿಯೋಕಾಂಗ್ ಬಂದರಿನಲ್ಲಿ ಅಷ್ಟು ಪಾಠ ಕೇಳಿಸಿಕೊಂಡ ಗಾಡಿ ಇನ್ನೊಂದು ಇದ್ದರೆ ತೋರಿಸಿ. ನನ್ನ ಮಗಳು ಮಾನ್‌ಮಾನ್ ಶಾಲೆ ಬಿಟ್ಟ ಮೇಲೆ ಮೂರು ವರ್ಷ ಓದಿದ್ದೆಲ್ಲ ಅದರ ಹಿಂದಿನ ಸೀಟಿನಲ್ಲೇ.

ಬೆಳಿಗ್ಗೆ ನಾನು ಮೀನು ಹರಾಜಿನ ಶೆಡ್ಡಿನ ಎದುರು ಮೀನಿನುಂಡೆಯ ಸಾರು ಮಾರುತ್ತೇನೆ. ಹತ್ತು ಗಂಟೆಯ ಹೊತ್ತಿಗೆ ಪಾತ್ರೆ ಖಾಲಿ. ಪಾತ್ರೆ ತೊಳೆದು ತಲೆಯೆತ್ತಿದರೆ ಮಾನ್‌ಮಾನ್ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನ ಪಕ್ಕದಲ್ಲಿ ನಿಂತಿರುತ್ತಾಳೆ. ಅಲ್ಲಿಂದ ನಮ್ಮ ಶಾಲೆ ಶುರು. ಹರಾಜಿನವನು ಕೂಗುವ ದರದಲ್ಲಿ ಲೆಕ್ಕ. ಬಲೆ ಹೊಲಿಯುತ್ತ ಕೂತ ಇಂಡೋನೇಷ್ಯಾದ ಹುಡುಗರ ಹತ್ತಿರ ಅವರ ಭಾಷೆ. ಗುಡ್ಡದ ಸ್ಮಶಾನದಲ್ಲಿ ಗೋರಿಕಲ್ಲುಗಳನ್ನು ಓದುತ್ತ ಊರಿನ ಚರಿತ್ರೆ. ಬಂದರಿನ ತಿರುವು ಬಂದರೆ ಮಗ್ಗಿ. ನಾನು ಮುಂದೆ ನೋಡುತ್ತಲೇ ಕೂಗುತ್ತೇನೆ, ಅವಳು ನನ್ನ ಬೆನ್ನಿಗೆ ಗಲ್ಲ ಒತ್ತಿ ಹಿಂದಿನಿಂದ ಕೂಗುತ್ತಾಳೆ.

"ಏಳು ಎಂಟ್ಲಿ?"

"ಐವತ್ತಾರು!"

"ಗಾಳಿಗೆ ಕೇಳಿಸ್ಲಿಲ್ಲ!"

"ಐವತ್ತಾರೂ ಅಂದೆ, ಕಿವುಡಮ್ಮಾ!"

ನನ್ನ ಗಂಡ ಟ್ಯೂನಾ ಹಿಡಿಯುವ ದೂರದ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಾರೆ. ಮನೆಗೆ ಬರುವುದು ಹೊಸವರ್ಷಕ್ಕೆ, ಅದೂ ಮೀನು ಮನಸ್ಸು ಮಾಡಿದರೆ. ಹಾಗಾಗಿ ಆ ಮನೆಯಲ್ಲಿ, ಆ ಸ್ಕೂಟರಿನಲ್ಲಿ, ನಾವು ಇಬ್ಬರೇ.

ಶಾಲೆ ಯಾಕೆ ಬಿಡಿಸಿದೆ ಅಂದರೆ, ಮಾನ್‌ಮಾನ್ ಊಟ ನಿಧಾನ. ಒಂದನೇ ತರಗತಿಯಲ್ಲಿ ಒಬ್ಬ ಟೀಚರು ತಟ್ಟೆ ಖಾಲಿಯಾಗುವವರೆಗೂ ಇವಳನ್ನು ಮೂಲೆಯಲ್ಲಿ ಒಬ್ಬಳನ್ನೇ ಕೂರಿಸುತ್ತಿದ್ದರು. ಉಳಿದ ಮಕ್ಕಳು ಹಲ್ಲುಜ್ಜಿ ತರಗತಿಯಲ್ಲೇ ಮಧ್ಯಾಹ್ನದ ನಿದ್ದೆಗೆ ಮಲಗಿದರೂ ಇವಳ ತಟ್ಟೆ ಮುಗಿಯುತ್ತಿರಲಿಲ್ಲ. ಕೊನೆಗೆ ಮಗು ಮನೆಯಲ್ಲೂ ಅನ್ನ ಮುಟ್ಟದಂತಾಯಿತು. ನಾನು ಮೊಣಕೈವರೆಗೂ ಮೀನಿನ ಹುರುಪೆ ಅಂಟಿಸಿಕೊಂಡು ಏಪ್ರನ್ನಿನಲ್ಲೇ ಶಾಲೆಗೆ ನುಗ್ಗಿದೆ. ಅಲ್ಲಿ ಆಡಿದ ಮಾತುಗಳನ್ನು ಬರೆಯುವ ಹಾಗಿಲ್ಲ. ಆ ಟೀಚರು ವರ್ಗವಾಗಿ ಹೋಗಿ ಎಷ್ಟೋ ದಿನವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ವರ್ಗವಾಗಿಲ್ಲ.

ಅವತ್ತು ಏಪ್ರಿಲ್ ತಿಂಗಳ ಕೊನೆಯ ದಿನ. ಮುಂದಿನ ವರ್ಷವೂ ಮನೆಯಲ್ಲೇ ಓದಿಸುವುದಾದರೆ ಅವತ್ತೇ ಶಾಲೆಯ ಕಚೇರಿಗೆ ಅರ್ಜಿ ಕೊಡಬೇಕಿತ್ತು. ಅರ್ಜಿ ತುಂಬಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದೆ. ಕೊಡುವ ಮುಂಚೆ ಕಡಲು ಕಾಯುವ ಮಾಝೂ ದೇವಿಯ ಗುಡಿಯಲ್ಲಿ ಅಪ್ಪಣೆ ಕೇಳುವುದು ನನ್ನ ಪದ್ಧತಿ. ಪ್ರತಿವರ್ಷ ತಾಯಿ ಒಂದೇ ಸಲಕ್ಕೆ ಹೂಂ ಅಂದುಬಿಡುತ್ತಿದ್ದಳು. ಈ ವರ್ಷವೂ ಅನ್ನುತ್ತಾಳೆ ಎಂದುಕೊಂಡು ಒಂದು ಚೀಲ ಕಿತ್ತಳೆ ಹಿಡಿದು ಹೊರಟೆ. ನನಗೆ ಬೇಕಾಗಿದ್ದದ್ದು ಅಷ್ಟೇ, ಮಗಳು ಇನ್ನೊಂದು ವರ್ಷ ನನ್ನ ಬೆನ್ನಿಗೆ ಅಂಟಿಕೊಂಡಿರಬೇಕು.

"ಅಮ್ಮಾ, ದಕ್ಕೆ ಹತ್ರ ಸ್ವಲ್ಪ ನಿಲ್ಸು."

ನಿಲ್ಲಿಸಿದೆ. ಹಡಗು ಕಟ್ಟುವ ಕಬ್ಬಿಣದ ಗೂಟಕ್ಕೆ ಯಾರೋ ಬಿಟ್ಟುಹೋದ ಹಗ್ಗ ಜೋತಿತ್ತು. ಮಾನ್‌ಮಾನ್ ಓಡಿಹೋಗಿ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹಿಮ್ಮಡಿ ಊರಿ, ಆಕಾಶ ನೋಡುವಷ್ಟು ಹಿಂದಕ್ಕೆ ವಾಲಿ ಎಳೆಯತೊಡಗಿದಳು. ಕೆಲವು ವಾರಗಳಿಂದ ಇದೇ ಆಟ.

"ಗೂಟ ಕಿತ್ತು ಬಂದ್ರೆ ಬಂದರಿನೋರು ನನ್ನ ಹಿಡ್ಕೋತಾರೆ ಕಣೇ. ಏನದು?"

"ಸುಮ್ನೆ."

ಸುಮ್ಮನೆ ಅಂದರೆ ನಾನು ಬಿಡುತ್ತೇನೆಯೇ? ಕಾಲು ಯಾಕೆ ಜಾರುತ್ತದೆ, ಒದ್ದೆ ನೆಲಕ್ಕೂ ಒಣನೆಲಕ್ಕೂ ಏನು ವ್ಯತ್ಯಾಸ ಎಂದು ಅಲ್ಲೇ ಒಂದು ಪಾಠ ಶುರು ಮಾಡಿದೆ. ಪಾಪ, ಹಗ್ಗ ಹಿಡಿದುಕೊಂಡೇ ಎಲ್ಲ ಕೇಳಿದಳು.

ಅಲ್ಲಿಂದ ಗುಡಿಗೆ ಹೋಗುವ ದಾರಿಯಲ್ಲೇ ಶಾಲೆಯ ಕಾಂಪೌಂಡು. ಒಳಗಿನಿಂದ ಮಕ್ಕಳು ಒಟ್ಟಾಗಿ ಕೂಗುವುದು ಕೇಳುತ್ತಿತ್ತು. ಆ ಗೋಡೆ ಕಂಡರೆ ಸಾಕು, ನನ್ನ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸುತ್ತದೆ.

"ಅಮ್ಮಾ, ನಿಧಾನ."

"ಯಾಕೆ?"

"ಗಾಳಿ ಕಣ್ಣಿಗೆ ಹೊಡೀತಿದೆ."

ಕನ್ನಡಿಯಲ್ಲಿ ನೋಡಿದೆ. ಮುಖ ಕಾಣಲಿಲ್ಲ, ಗೋಡೆಯ ಕಡೆಗೆ ತಿರುಗಿದ ಹಳದಿ ಹೆಲ್ಮೆಟ್ ಅಷ್ಟೇ ಕಾಣಿಸಿತು.

ಗುಡಿಯಲ್ಲಿ ಸಿಯೂ ಅಜ್ಜಿ ಊದುಬತ್ತಿಯ ಬೂದಿ ಜರಡಿ ಹಿಡಿಯುತ್ತಿದ್ದಳು. ಆ ಗುಡಿಯ ಕಸ, ದೀಪ, ಹರಟೆ ಎಲ್ಲ ಅವಳದೇ ಉಸ್ತುವಾರಿ.

"ಬಂದ್ರಪ್ಪಾ ಮೇಷ್ಟ್ರಮ್ಮ! ಏನು, ಇವತ್ತು ದೇವಿಗೂ ಪಾಠಾನಾ?"

"ದೇವಿ ನಿನ್ಹಾಗಲ್ಲ ಅಜ್ಜಿ, ಹೇಳಿದ್ದು ಅರ್ಥ ಆಗುತ್ತೆ."

ಕಿತ್ತಳೆ ಇಟ್ಟು, ಬತ್ತಿ ಹಚ್ಚಿ, ಮಂಡಿಯೂರಿದೆ. ಕೆಂಪು ಬಣ್ಣದ ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಕೈಯಲ್ಲಿ ಜೋಡಿಸಿ, ಹೆಸರು ವಿಳಾಸ ಹೇಳಿ, ಕೇಳುವುದನ್ನು ಕೇಳಿ ನೆಲಕ್ಕೆ ಬಿಟ್ಟೆ. ಒಂದರ ಚಪ್ಪಟೆ ಮುಖ, ಇನ್ನೊಂದರ ಉಬ್ಬು ಮುಖ ಮೇಲೆ ಬಂದರೆ ದೇವಿ ಒಪ್ಪಿದಳು ಅಂತ. ಎರಡೂ ಉಬ್ಬಾದರೆ ಸುತರಾಂ ಒಪ್ಪುವುದಿಲ್ಲ. ನನಗೆ ಎರಡೂ ಚಪ್ಪಟೆ ಬಿದ್ದವು. ಅಂದರೆ ದೇವಿ ನಕ್ಕಳು, ಕೇಳಿದ್ದೇ ಸರಿಯಿಲ್ಲ ಅಂತ.

"ಏನು ಕೇಳ್ದೆ?" ಅಜ್ಜಿ ಜರಡಿ ಬಿಟ್ಟು ಬಂದಳು.

"ವರ್ಷವೂ ಕೇಳೋದೇ. ಮಾನ್‌ಮಾನ್ ಇನ್ನೊಂದು ವರ್ಷ ನನ್ನ ಹತ್ರಾನೇ ಓದ್ಲಾ ಅಂತ."

"ಓದೋಳು ಯಾರು?"

"ಅವಳು."

"ಮತ್ತೆ ನಿನ್ನ ಬಾಯಲ್ಲಿ ಯಾಕೆ ಕೇಳ್ತೀಯ? ಅದಕ್ಕೇ ತಾಯಿಗೆ ನಗು ಬಂದಿದೆ. ಒಂಬತ್ತು ತುಂಬಿರೋ ಹುಡುಗಿ, ಅವಳೇ ಕೇಳ್ಲಿ. ಬಾರೇ ಕೂಸೇ."

ನನಗೇನೂ ಹೆದರಿಕೆಯಿರಲಿಲ್ಲ. ನಾನು ಕೇಳಿದ್ದನ್ನೇ ತಾನೆ ಅವಳೂ ಕೇಳುವುದು? ತುಂಡುಗಳನ್ನು ಕೊಟ್ಟು ಪಕ್ಕಕ್ಕೆ ಸರಿದೆ. ಮಾನ್‌ಮಾನ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಬಿಟ್ಟಳು. ಎರಡೂ ಚಪ್ಪಟೆ. ಮತ್ತೆ ಬಿಟ್ಟಳು. ಮತ್ತೆ ಎರಡೂ ಚಪ್ಪಟೆ. ಮೂರನೆಯ ಸಲವೂ ದೇವಿ ನಕ್ಕಾಗ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಅಳೋದ್ಯಾಕೆ? ಬೈದಿಲ್ವಲ್ಲ, ನಕ್ಕಿದ್ದಾಳೆ," ಅಜ್ಜಿ ಅವಳ ಪಕ್ಕದಲ್ಲೇ ಕೂತಳು. "ನಿಜ ಹೇಳು. ಎರಡು ವಿಷಯ ಗಂಟು ಹಾಕಿ ಕೇಳ್ತಿದ್ದೀಯ ತಾನೇ?"

ಮಾನ್‌ಮಾನ್ ತಲೆಯಾಡಿಸಿದಳು.

"ನೋಡಿದ್ಯಾ! ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಆದ್ರೆ ತಾಯಿ ಹ್ಯಾಗೆ ಹೇಳ್ಬೇಕು? ಬಿಡಿಸಿ ಕೇಳು. ಒಂದಾದ್ಮೇಲೆ ಒಂದು."

"ಮನಸ್ಸಲ್ಲಿ ಕೇಳಿದ್ರೆ ಎರಡೂ ಅಂಟ್ಕೋತವೆ ಅಜ್ಜಿ."

"ಹಾಗಾದ್ರೆ ಬಾಯಿಬಿಟ್ಟು ಕೇಳು. ನಾನು ಹೇಗೂ ಅರೆಗಿವುಡಿ. ಏ ಮೇಷ್ಟ್ರಮ್ಮ, ನೀನು ಆಚೆ ಹೋಗು."

ಹೋದೆ. ದೊಡ್ಡ ನಗಾರಿಯ ಪಕ್ಕದ ಕಂಬದ ಹಿಂದಕ್ಕೆ. ಅದೂ ಆಚೆಯೇ ತಾನೆ?

ಮಾನ್‌ಮಾನ್ ಗಂಟಲು ಸರಿಮಾಡಿಕೊಂಡಳು. ಯಾರ ಹತ್ತಿರವಾದರೂ ಮಾತಾಡುವಾಗ ಗಟ್ಟಿಯಾಗಿ, ಬಿಡಿಸಿ ಹೇಳಬೇಕು ಎಂದು ನಾನೇ ಕಲಿಸಿದ್ದು.

"ಅಮ್ಮನೋರೇ, ನಾನು ಚಿಯೆನ್ ಶಿಯಾವ್-ಮಾನ್. ಮನೆ ಐಸ್ ಫ್ಯಾಕ್ಟರಿ ಓಣೀಲಿ. ಮೊದಲನೇ ಪ್ರಶ್ನೆ. ನಾನು ಶಾಲೆಗೆ ಹೋಗ್ಲಾ? ಅಲ್ಲಿ ಹಗ್ಗಜಗ್ಗಾಟದ ತಂಡಕ್ಕೆ ಒಬ್ರು ಕಮ್ಮಿ ಇದ್ದಾರೆ. ಸ್ಕೂಟರ್ ಮೇಲಿಂದ ಗೋಡೆ ಆಚೆ ಎಣಿಸಿದೀನಿ. ಗೂಟದ ಜೊತೆ ಒಬ್ಬಳೇ ಆಡಿ ಸಾಕಾಯ್ತು. ಅದು ಎಳೆಯೋದೇ ಇಲ್ಲ."

ತುಂಡುಗಳು ಬಿದ್ದ ಸದ್ದಾಯಿತು. ಇಣುಕಿದೆ. ಒಂದು ಚಪ್ಪಟೆ, ಒಂದು ಉಬ್ಬು.

ಮೊದಲು ಬಂದದ್ದು ಸಿಟ್ಟು, ಅದೂ ದೇವಿಯ ಮೇಲೆ. ಏನು ತಾಯೀ, ವರ್ಷವರ್ಷವೂ ಒಳ್ಳೊಳ್ಳೆ ಕಿತ್ತಳೆ ಆರಿಸಿ ತಂದವಳು ನಾನು, ಹೂಂ ಅಂದದ್ದು ಅವಳಿಗಾ? ಆಮೇಲೆ ಆ ಗೂಟ ನೆನಪಾಯಿತು. ಹಗ್ಗ ಹಿಡಿದ ಮಗುವಿಗೆ ನಾನು ಒದ್ದೆನೆಲದ ಪಾಠ ಹೇಳಿದ್ದೂ ನೆನಪಾಯಿತು.

"ಈಗ ಎರಡನೇದು," ಮಾನ್‌ಮಾನ್ ತುಂಡುಗಳನ್ನು ಮತ್ತೆ ಜೋಡಿಸಿಕೊಂಡಳು. ದನಿ ಸಣ್ಣದಾಯಿತು. "ನಾನು ಹೋದ್ರೆ ಸ್ಕೂಟರ್ ಹಿಂದೆ ಯಾರೂ ಇರಲ್ಲ. ಅಪ್ಪ ಬೇರೆ ಹಡಗಲ್ಲಿದ್ದಾರೆ. ಅಮ್ಮ ಮಗ್ಗಿ ಕೇಳಿದ್ರೆ ಯಾರು ಹೇಳ್ತಾರೆ? ಅಮ್ಮ ಅಳ್ತಾಳಾ? ಅಳೋದಾದ್ರೆ ಮೊದಲನೇದು ನಂಗೆ ಬೇಡ. ವಾಪಸ್ ತಗೊಳ್ಳಿ."

ಅವಳು ಕೈ ಎತ್ತಿದಳು. ನಾನು ಕಂಬ ಬಿಟ್ಟು ಓಡಿದೆ. ಓಡಿ ಆ ಪುಟ್ಟ ಕೈಗಳನ್ನು ತುಂಡುಗಳ ಸಮೇತ ಹಿಡಿದುಕೊಂಡೆ.

"ಅದನ್ನ ದೇವರನ್ನ ಕೇಳ್ಬೇಡ. ನನ್ನನ್ನ ಕೇಳು."

"ಆಚೆ ಹೋಗು ಅಂದ್ರೆ ಇಲ್ಲೇ ಬೇರು ಬಿಟ್ಟಿದ್ದಾಳೆ ನೋಡು!" ಎಂದಳು ಅಜ್ಜಿ.

ಮಾನ್‌ಮಾನ್ ನನ್ನ ಮುಖವನ್ನೇ ನೋಡಿದಳು. "ಅಳ್ತೀಯಾ?"

ಇಲ್ಲ ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಎದುರಿಗೆ ದೇವಿ, ಪಕ್ಕದಲ್ಲಿ ಅಜ್ಜಿ. ಆ ಇಬ್ಬರ ಮುಂದೆ ನನ್ನ ಸುಳ್ಳು ನಡೆಯುವುದಿಲ್ಲ.

"ಅಳ್ತೀನಿ. ಮೊದಲನೇ ದಿನ ಚೆನ್ನಾಗಿ ಅಳ್ತೀನಿ. ಆಮೇಲೆ ಈರುಳ್ಳಿ ಹೆಚ್ಚುವಾಗ ಅದರ ಜೊತೆಗೇ ಸ್ವಲ್ಪ. ಅಳೋದೇನು ಕಾಯಿಲೆ ಏನೇ? ಅಪ್ಪ ಹಡಗು ಹತ್ತಿದಾಗೆಲ್ಲ ಅಳ್ತೀನಲ್ಲ, ಅವರನ್ನ ಹೋಗ್ಬೇಡಿ ಅಂತೀನಾ?"

"ಅಂತೀಯ."

"ಅಂತೀನಿ, ಸರಿ. ಅವರು ಹೋಗ್ತಾರೋ ಇಲ್ವೋ?"

"ಹೋಗ್ತಾರೆ."

"ನಾನು ಇದ್ದೀನೋ ಇಲ್ವೋ?"

"ಇದ್ದೀಯ," ಎಂದಳು. ಮೂಗು ಒರೆಸಿಕೊಂಡಳು. "ಬುಧವಾರ ಮಧ್ಯಾಹ್ನಕ್ಕೇ ಬಿಡ್ತಾರೆ ಅಮ್ಮಾ. ಬುಧವಾರ ದೀಪಸ್ತಂಭಕ್ಕೆ ಹೋಗಬಹುದು."

ಅದನ್ನೂ ಆಗಲೇ ವಿಚಾರಿಸಿ ಇಟ್ಟುಕೊಂಡಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು. ಅವಳನ್ನು ಅವುಚಿಕೊಂಡು ಎರಡನ್ನೂ ಒಟ್ಟಿಗೇ ಮುಗಿಸಿದೆ. ಹೊರಡುವಾಗ ಅಜ್ಜಿ ಒಂದು ಕಿತ್ತಳೆ ತೆಗೆದು ಮಾನ್‌ಮಾನ್ ಕೈಗಿಟ್ಟಳು.

ಶಾಲೆ ಪಕ್ಕದಲ್ಲೇ ಇದ್ದರೂ ನಾನು ಬಂದರನ್ನು ಒಂದು ಸುತ್ತು ಹಾಕಿದೆ. ಬೆನ್ನಿಗೆ ಒತ್ತಿದ ಗಲ್ಲ ಇನ್ನೂ ಸ್ವಲ್ಪ ಹೊತ್ತು ಇರಲಿ ಅನಿಸಿತು. ಅವಳಿಗೂ ಗೊತ್ತಾಯಿತು, ಇನ್ನಷ್ಟು ಒತ್ತಿ ಕೂತಳು. ಗೋಡೆ ಬಂದಾಗ, ಯಾರೂ ಹೇಳದೆ, ನಾನೇ ನಿಧಾನ ಮಾಡಿದೆ.

"ಊಟ ನಿಧಾನ ಅಂತ ಬೈದ್ರೆ?" ನಾನು ಗೇಟಿನಲ್ಲಿ ಕೇಳಿದೆ. "ಅಮ್ಮ ಏಪ್ರನ್ ಹಾಕ್ಕೊಂಡು ಬರ್ಲಾ?"

"ಬೇಡ!" ಅವಳು ಗಾಬರಿಯಿಂದಲೇ ಕೂಗಿದಳು. "ನಾನು ನಿಧಾನ, ಆದ್ರೆ ಪೂರ್ತಿ ತಿಂತೀನಿ ಅಂತ ನಾನೇ ಹೇಳ್ತೀನಿ."

ಕಚೇರಿಯ ಗುಮಾಸ್ತ ನನ್ನನ್ನು ಕಂಡೊಡನೆ ಕುರ್ಚಿ ಸ್ವಲ್ಪ ಹಿಂದಕ್ಕೆ ಜರುಗಿಸಿದ. ಹಳೆಯದು ಮರೆತಿರಲಿಲ್ಲ ಪಾಪ. ಆದರೂ ಕೈ ಚಾಚಿದ. "ಕೊನೇ ದಿನ ಬಂದಿದ್ದೀರಿ. ಅರ್ಜಿ ತಂದ್ರಾ?"

ಅರ್ಜಿ ಸೀಟಿನ ಕೆಳಗೇ ಇತ್ತು.

"ಅರ್ಜಿ ತಂದಿಲ್ಲ," ಎಂದೆ. "ಹುಡುಗೀನ ತಂದಿದ್ದೀನಿ."

ಅವನು ನನ್ನನ್ನು ನೋಡಿದ, ಅವಳನ್ನು ನೋಡಿದ. "ಹೆಸರು ಹೇಗೂ ನಮ್ಮಲ್ಲೇ ಇದೆ. ಸೋಮವಾರದಿಂದ್ಲೇ ಬರಬಹುದು," ಎಂದ. ಅಷ್ಟರಲ್ಲಿ ಮಾನ್‌ಮಾನ್ ಕಿಟಕಿಗೆ ಮೂಗು ಅಂಟಿಸಿಯಾಗಿತ್ತು. ಮೈದಾನದಲ್ಲಿ ಹಗ್ಗ ಹಿಡಿದು ನಿಂತಿದ್ದ ಮಕ್ಕಳಿಗೆ ಆಟದ ಟೀಚರು ಏನೋ ಹೇಳುತ್ತಿದ್ದರು. ನಾನು ಹೋಗಿ ಕೇಳಿದೆ. ಒಳ್ಳೆಯ ಹೆಂಗಸು. "ಇವತ್ತೇ ಹಿಡೀಲಿ ಬಿಡಿ, ಸಂಜೆ ಬಂದು ಕರ್ಕೊಂಡು ಹೋಗಿ," ಎಂದರು.

ಅವಳನ್ನು ಹಗ್ಗದ ಕೊನೆಯಲ್ಲಿ ನಿಲ್ಲಿಸಿದರು. ನಾನು ಎದುರು ತಂಡದ ಹಿಂದೆ ನಿಂತಿದ್ದೆ. ಟೀಚರು ಸೀಟಿ ಊದಿದರು. ಮಾನ್‌ಮಾನ್ ಕಂಕುಳಲ್ಲಿ ಹಗ್ಗ ಸಿಕ್ಕಿಸಿ, ಹಿಮ್ಮಡಿ ಊರಿ, ಆಕಾಶದ ಕಡೆಗೆ ವಾಲಿದಳು. ಆಚೆಯಿಂದ ಹಗ್ಗ ಎಳೆಯಿತು. ಅವಳ ಮುಖ ಕೆಂಪಾಯಿತು, ಹಲ್ಲು ಕಚ್ಚಿದಳು, ಕಚ್ಚಿದ ಹಲ್ಲಿನಲ್ಲೇ ನಗುತ್ತಿದ್ದಳು. ಪಾಠದ ಹೊತ್ತಿನಲ್ಲಿ ಅವಳ ಮುಖ ಹೇಗಿರುತ್ತದೆ ಎಂದು ಇಷ್ಟು ವರ್ಷ ನಾನು ನೋಡಿರಲೇ ಇಲ್ಲ. ಗೆದ್ದರೋ ಸೋತರೋ ನನಗೆ ನೆನಪಿಲ್ಲ.

ನಾಳೆಯ ಮೀನು ಕೊಚ್ಚಬೇಕಿತ್ತು, ಹೊರಟೆ. ಗಾಡಿ ಹಗುರವಾಗಿ ಸುಮ್ಮನೆ ಮುಂದಕ್ಕೆ ಹಾರುತ್ತಿತ್ತು. ಹೇಳಿದ ಮಾತಿನಂತೆ ಚೆನ್ನಾಗಿಯೇ ಅತ್ತೆ. ಹೆಲ್ಮೆಟ್ಟಿನ ಒಳಗೆ ಯಾರಿಗೆ ಕಾಣುತ್ತದೆ? ಬಂದರಿನ ತಿರುವು ಬಂತು. ಬಾಯಿ ಅಭ್ಯಾಸ ಬಿಡಲಿಲ್ಲ.

"ಏಳು ಎಂಟ್ಲಿ?" ಎಂದು ಕೂಗಿಬಿಟ್ಟೆ.

ಬಲೆ ಹೊಲಿಯುತ್ತಿದ್ದ ಹುಡುಗರು ತಲೆಯೆತ್ತಿ ನೋಡಿದರು. ಹಿಂದೆ ಗಾಳಿ ಮಾತ್ರ ಇತ್ತು.

"ಐವತ್ತಾರು," ಎಂದು ನಾನೇ ಹೇಳಿಕೊಂಡು ಮನೆಯ ಕಡೆಗೆ ತಿರುಗಿಸಿದೆ.