ತೊಲೆಗಿಂತ ಎರಡು ಬೆರಳು ಎತ್ತರ

"ನಿಲ್ಲಿಸು, ನಿಲ್ಲಿಸು, ನಿಲ್ಲಿಸೋ ಮಾರಾಯ!" ಎಂದು ಕಾಲಿನ್ ಕೂಗುವಷ್ಟರಲ್ಲಿ ಬಸ್ಸಿನ ನೆತ್ತಿ ಶೆಡ್ಡಿನ ಬಾಗಿಲ ಮೇಲಿನ ಉಕ್ಕಿನ ತೊಲೆಗೆ ಢಣ್ಣನೆ ಬಡಿದಾಗಿತ್ತು. ತೊಲೆಯ ಮೇಲೆ ಕೂತಿದ್ದ ವರ್ಷಗಳ ದೂಳು ಕಾಲಿನ್‌ನ ಕಪ್ಪು ಕೋಟಿನ ಹೆಗಲ ಮೇಲೆ ಹಿಟ್ಟಿನ ಹಾಗೆ ಉದುರಿತು.

ಗ್ಲೆನಿಸ್ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಕಿವಿಗೆ ಮುತ್ತಿನ ಓಲೆ ಹಾಕಿಯಾಗಿತ್ತು, ಇನ್ನೊಂದು ಕೈಯಲ್ಲೇ ಇತ್ತು.

"ಹೇಳಿದ್ನಲ್ಲ, ಅದು ಆಚೆ ಬರಲ್ಲ" ಅಂದಳು. "ತೊಲೆ ಕತ್ತರಿಸ್ಬೇಕು. ಕತ್ತರಿಸಿದ್ರೆ ಶೆಡ್ಡೇ ಕೂತ್ಕೊಳ್ಳತ್ತೆ. ಮರ್ವ್ ಎಷ್ಟು ಸಲ ಹೇಳಿದಾನೆ."

ಸ್ಟಿಯರಿಂಗ್ ಹಿಡಿದಿದ್ದ ನೆವ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾರು, ಮರ್ವ್ ಹೇಳಿದ್ನಾ? ನಮ್ಮ ಮರ್ವಾ?"

"ಇವತ್ತು ಎಷ್ಟು ಜನ ಮರ್ವ್‌ನ ಹೂಳ್ತಿದೀವಿ ನೆವ್?"

ಕಾಲಿನ್ ನಕ್ಕ. ಆಮೇಲೆ ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಬಾಯಿ ಒರೆಸಿಕೊಂಡ.

ಗಿಲ್ಗಾಂಡ್ರ ಊರಿನ ಆ ಬೀದಿಯುದ್ದಕ್ಕೂ ಬೆಳಿಗ್ಗೆಯಿಂದ, ಒಳಗೇ ಒಲೆ ಹಾಸಿಗೆ ಇರುವ ಮನೆಬಸ್ಸುಗಳು ಬಂದು ಸಾಲುಗಟ್ಟಿದ್ದವು. ಮರ್ವ್, ನೆವ್, ಕಾಲಿನ್ ಎಲ್ಲ ಸೇರಿದ್ದ ಮನೆಬಸ್ಸಿನವರ ಸಂಘದಲ್ಲಿ ಅದೊಂದು ಪದ್ಧತಿ. ಯಾರು ಸತ್ತರೂ ಶವದ ಗಾಡಿಯ ಹಿಂದೆ ಮೊದಲು ಸತ್ತವನ ಬಸ್ಸೇ ಹೋಗಬೇಕು, ಉಳಿದವರ ಬಸ್ಸುಗಳು ಹಗಲಲ್ಲೇ ದೀಪ ಹಚ್ಚಿಕೊಂಡು ಅದರ ಬೆನ್ನಿಗೆ. ಒಂಬತ್ತು ವರ್ಷದಿಂದ ಹೊರಗೆ ಬಾರದ ಬಸ್ಸಿಗೂ ಆ ಮರ್ಯಾದೆ ತಪ್ಪಬಾರದು ಎಂದು ನೆವ್ ಹಟ ಹಿಡಿದಿದ್ದ.

ಅವನು ಇಳಿದು, ಅರ್ಧ ತೋಳಿನ ಅಂಗಿಯ ಮೇಲೆ ಕಟ್ಟಿದ್ದ ಟೈಯನ್ನು ಹೆಗಲಿಗೆ ಎಸೆದುಕೊಂಡು ಏಣಿ ಹತ್ತಿದ. ನೆತ್ತಿಯ ಮೇಲಿನ ಏಸಿ ಪೆಟ್ಟಿಗೆಗೂ ತೊಲೆಗೂ ಅಡ್ಡ ಬೆರಳಿಟ್ಟ.

"ಎರಡು ಬೆರಳು ತಾಯಿ. ಬರೀ ಎರಡು ಬೆರಳು ಜಾಸ್ತಿ. ಕಾಲಿನ್, ಚಕ್ರದ ಗಾಳಿ ಬಿಡೋ."

"ಎಲ್ಲಾದಕ್ಕೂನಾ?"

"ಇಲ್ಲ, ಒಂದಕ್ಕೆ ಬಿಡು, ಉಳಿದದ್ದಕ್ಕೆ ನಿನ್ನ ಭಾಷಣ ಕೇಳಿಸು, ತಾನಾಗೇ ಇಳಿಯುತ್ತೆ. ಎಲ್ಲಾದಕ್ಕೂ ಕಣಯ್ಯ!"

ಬುಸ್ಸೆಂದು ಸದ್ದಾಯಿತು. ಬಸ್ಸು ಭಾರ ಇಳಿಸುವ ಒಂಟೆಯ ಹಾಗೆ ಮೆಲ್ಲಗೆ ಮಂಡಿಯೂರಿತು. ನೆವ್ ರಿವರ್ಸ್ ಗೇರು ಹಾಕಿದ. ಬೆಣ್ಣೆಯಿಂದ ಕೂದಲೆಳೆದ ಹಾಗೆ ಬಸ್ಸು ತೊಲೆಯ ಕೆಳಗೆ ನುಣ್ಣಗೆ ಜಾರಿ, ಅಂಗಳದ ಬಿಸಿಲಿಗೆ ಬಂದು ನಿಂತಿತು. ಕೆನೆಬಣ್ಣ, ಪಕ್ಕದಲ್ಲೊಂದು ಹಸಿರು ಪಟ್ಟಿ. ಆ ಪಟ್ಟಿ ಇಷ್ಟು ಹಸಿರು ಎಂಬುದು ಗ್ಲೆನಿಸ್‌ಗೆ ಮರೆತೇ ಹೋಗಿತ್ತು. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಅದು ಬೂದಿಬಣ್ಣವಾಗಿ ಕಾಣುತ್ತಿತ್ತು.

ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

"ಈ ಉಪಾಯ ಯಾರದ್ದು ಗೊತ್ತಾ?" ಮರ್ವ್‌ನದೇ ಪಂಪಿನಿಂದ ಚಕ್ರಕ್ಕೆ ಗಾಳಿ ತುಂಬುತ್ತ ನೆವ್ ಅಭಿಮಾನದಿಂದ ಹೇಳಿದ. "ನಿನ್ನ ಗಂಡಂದೇ! ಒಂದ್ಸಲ ಪೆಟ್ರೋಲ್ ಬಂಕಿನ ಚಾವಣಿ ಕೆಳಗೆ ಸಿಕ್ಕಾಕ್ಕೊಂಡಿದ್ದೆ. ಹಿಂದೆ ಲಾರಿಯವರು ಅಪ್ಪ ಅಮ್ಮನ್ನೆಲ್ಲ ಸೇರಿಸಿ ಬೈತಿದ್ರು. ಫೋನ್ ಮಾಡಿದ್ರೆ ನಿಮ್ಮ ಮರ್ವ್ ಅಂತಾನೆ, 'ಗಾಳಿ ಬಿಡೋ ದಡ್ಡ!'"

"ಯಾವಾಗ ಅದು?" ಗ್ಲೆನಿಸ್ ಕೇಳಿದಳು.

"ಅಯ್ಯೋ, ಯಾವ ಕಾಲದ್ದೋ. ನನ್ನ ಮೊಮ್ಮಗ ಹುಟ್ಟಿದ ವರ್ಷ. ಈಗ ಅವನಿಗೆ ಮೀಸೆ ಬಂದಿದೆ."

ಗ್ಲೆನಿಸ್ ಇನ್ನೊಂದು ಓಲೆ ಹಾಕಿಕೊಳ್ಳಲು ಹೋದಳು. ಕಿವಿಯ ತೂತು ಎಲ್ಲಿದೆ ಎಂಬುದೇ ಬೆರಳಿಗೆ ಸಿಗಲಿಲ್ಲ.

*

ಶಾಲೆಯವರು ಹರಾಜಿಗೆ ಹಾಕಿದ್ದ ಹಳೆಯ ಪುಟ್ಟ ಬಸ್ಸು ಅದು. ಮರ್ವ್ ನಗರಸಭೆಯಲ್ಲಿ ರಸ್ತೆ ಮಟ್ಟ ಮಾಡುವ ಯಂತ್ರ ಓಡಿಸಿ ನಿವೃತ್ತನಾದ ವಾರವೇ ತಂದ. ಸೀಟು ಕಿತ್ತ, ಗೋಡೆಗೆ ಉಣ್ಣೆಯ ಹಾಸು ತುಂಬಿದ, ನೆಲದಡಿ ನೀರಿನ ಟ್ಯಾಂಕು ಕಟ್ಟಿದ. ಹಾಸಿಗೆ, ಒಲೆ, ಗುಂಡಿ ಒತ್ತಿದರೆ ಮಡಚಿಕೊಳ್ಳುವ ಮೇಜು. ಗ್ಲೆನಿಸ್ ಪರದೆ ಹೊಲಿದಳು. ತಿರುವಿನಲ್ಲಿ ಬಾಗಿಲು ತೆರೆದು ತಟ್ಟೆಗಳು ಬೀಳಬಾರದೆಂದು ಒಂದೊಂದು ಕಪಾಟಿಗೂ ಅವನು ಹಿತ್ತಾಳೆಯ ಚಿಲಕ ಇಟ್ಟ. ಮುಟ್ಟಿದರೆ ಟಿಕ್ಕೆನ್ನುವ ಚಿಲಕ.

ಹೋಗಬೇಕಾಗಿದ್ದುದು ಎಸ್ಪೆರೆನ್ಸ್‌ಗೆ, ದೇಶದ ಆ ತುದಿಗೆ. ಅಲ್ಲಿ ಗ್ಲೆನಿಸಳ ಅಕ್ಕ ಬೆರಿಲ್ ಇದ್ದಳು. ಮನೆ ಎದುರಿಗೇ ಸಮುದ್ರ, ಸಕ್ಕರೆಯಂಥ ಮರಳು. "ನೀನು ಬಂದು ನೋಡ್ಬೇಕು ಗ್ಲೆನ್. ಕಾಂಗರೂಗಳು ಬಂದು ಅಲೆ ಹತ್ತಿರ ಮಲಗ್ತಾವೆ, ಥೇಟ್ ಪ್ರವಾಸಕ್ಕೆ ಬಂದವರ ಥರ" ಎಂದು ಪ್ರತಿ ಭಾನುವಾರ ಫೋನಿನಲ್ಲಿ ಹೇಳುವಳು. ಆ ವರ್ಷ ಬೆರಿಲ್‌ಗೆ ರೋಗ ತಗುಲಿತ್ತು. "ಬೇಗ ಬಾ" ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಕಾಂಗರೂ ವಿಷಯ ಮಾತ್ರ ಎರಡೆರಡು ಸಲ ಹೇಳತೊಡಗಿದಳು.

ಸೋಮವಾರ ಹೊರಡುವುದೆಂದಾಯಿತು. ಅದಕ್ಕೆ ಮುಂಚಿನ ವಾರ ಮರ್ವ್ ಶೆಡ್ಡಿನೊಳಗೇ ಬಸ್ಸಿನ ನೆತ್ತಿಗೆ ಏಸಿ ಕೂರಿಸಿದ. ಮರುಭೂಮಿ ದಾಟಬೇಕಲ್ಲ, ನಿನಗೆ ಸೆಕೆ ಆಗಬಾರದು ಕಣೇ ಎಂದ. ಸೋಮವಾರ ಬೆಳಿಗ್ಗೆ ಚೀಲ ತುಂಬಿ, ಬುತ್ತಿ ಕಟ್ಟಿ ಬಂದರೆ ಢಣ್ ಎಂದಿತು ತೊಲೆ.

"ಕೆಟ್ಟೆ" ಅಂದ ಮರ್ವ್. ತಲೆ ಮೇಲೆ ಕೈ ಹೊತ್ತು ಕೂತ. ಪಾಪ ಎನ್ನಿಸಿ ಗ್ಲೆನಿಸಳೇ ಅವನ ಬೆನ್ನು ಸವರಿದಳು.

"ಏಸಿ ತೆಗೆದ್ಬಿಡು" ಅಂದಳು.

"ಅಂಟು ಗಟ್ಟಿಯಾಗಿದೆ, ಕಿತ್ರೆ ಚಾವಣೀನೇ ಹರಿಯುತ್ತೆ."

"ನನ್ನ ಕಾರಲ್ಲಿ ಹೋಗೋಣ."

"ನಿನ್ನ ಕಾರಲ್ಲಾ?" ಮರ್ವ್ ನಕ್ಕ. "ಅದು ಊರಾಚೆ ಸ್ಮಶಾನದವರೆಗೆ ಹೋದ್ರೆ ಹೆಚ್ಚು. ಗುರುವಾರ ವೆಲ್ಡರ್ ಬರ್ತಾನೆ. ತೊಲೆ ಎತ್ತರ ಮಾಡಿಸ್ತೀನಿ. ಅಲ್ಲೀವರೆಗೆ ತಡ್ಕೋ."

ಗುರುವಾರ ಬಂತು, ವೆಲ್ಡರ್ ಬರಲಿಲ್ಲ. ಅದರ ಮುಂದಿನ ಗುರುವಾರವೂ ಬರಲಿಲ್ಲ. ವಿಮಾನದಲ್ಲಾದರೂ ಹೋಗುತ್ತೇನೆ ಎಂದು ಗ್ಲೆನಿಸ್ ಪೆಟ್ಟಿಗೆ ತೆಗೆದ ದಿನವೇ ಬೆರಿಲಳ ಮಗ ಫೋನ್ ಮಾಡಿದ. ಅಮ್ಮ ಬೆಳಗಿನ ಜಾವ ಹೋದಳು ಎಂದ.

"ಬಸ್ಸು ಆಚೆ ಬಂದ ಕೂಡ್ಲೆ ಹೋಗಿ ಸಮಾಧಿಗೆ ಹೂವಿಟ್ಟು ಬರೋಣ" ಅಂದ ಮರ್ವ್. ಹೇಳಿ, ಬಸ್ಸಿಗೆ ಎರಡನೇ ಬ್ಯಾಟರಿ ಕೂರಿಸಲು ಹೋದ.

*

ಚರ್ಚಿನಲ್ಲಿ ನೆವ್ ಮಾತಾಡಿದ. ಬರೆದುಕೊಂಡಿದ್ದೇನೂ ಇಲ್ಲ. ಟೈಯನ್ನು ಹಗ್ಗದ ಹಾಗೆ ಹಿಡಿದುಕೊಂಡು ನಿಂತ.

"ಇಲ್ಲಿ ಕೂತಿರೋ ನೀವೆಲ್ಲ ಕೈ ಎತ್ತಿ. ಯಾರ ಬಸ್ಸಲ್ಲಿ ಮರ್ವ್ ಕೈಯಿಟ್ಟಿಲ್ಲ?" ಒಂದು ಕೈಯೂ ಏಳಲಿಲ್ಲ. "ನೋಡಿ. ನನ್ನ ಪಂಪು, ಕಾಲಿನ್‌ನ ಪಾಯಿಖಾನೆ. ಆ ಪಾಯಿಖಾನೆ ದೇಶ ಎರಡು ಸುತ್ತು ಸುತ್ತಿದೆ ಸ್ವಾಮಿ! ಮಾಡಿದವನು ಮಾತ್ರ ಸುತ್ತಲಿಲ್ಲ." ಜನ ನಕ್ಕರು. ಮೂಗು ಒರೆಸಿಕೊಂಡರು. "ಯಾಕೆ ಸುತ್ತಲಿಲ್ಲ? ನಮಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲ್ಲ. ಇವತ್ತು ನಾನು ಹೇಳ್ತೀನಿ, ಯಾಕಂದ್ರೆ ಅದು ಅವನಿಗೆ ಗೌರವ. ಹೆಂಡ್ತಿಗೆ ರಸ್ತೆ ಅಂದ್ರೆ ಎದೆ ನಡುಗುತ್ತೆ. ಮನೆ ಬಿಟ್ಟು ಕದಲಲ್ಲ. ಅಂಥಾ ಬಸ್ಸು ಕಟ್ಟಿಟ್ಟು, ಆಕೆಗೋಸ್ಕರ ಶೆಡ್ಡಲ್ಲೇ ಇಟ್ಕೊಂಡ. ಒಂದು ದಿನ ಗೊಣಗಲಿಲ್ಲ. ಪ್ರೀತಿ ಅಂದ್ರೆ ಇದಲ್ದೆ ಇನ್ನೇನು?"

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಮುಂದಿನ ಸಾಲಿನತ್ತ ತಿರುಗಿದರು. ಬೈಯುವ ಕಣ್ಣುಗಳಲ್ಲ, ಕ್ಷಮಿಸಿದ ಕಣ್ಣುಗಳು. ಬೈದಿದ್ದರೆ ಗ್ಲೆನಿಸ್ ತಡೆದುಕೊಳ್ಳುತ್ತಿದ್ದಳು.

ಎದ್ದು ನಿಂತು ಹೇಳಿಬಿಡಲೇ ಎನ್ನಿಸಿತು. ಎದ್ದೂ ಎದ್ದಳು. ಅದೇ ಹೊತ್ತಿಗೆ ಪಾದ್ರಿ ಪ್ರಾರ್ಥನೆಗೆ ಕೈ ಎತ್ತಿದರು. ಸಭೆಯೇ ಎದ್ದು ನಿಂತಿತು. ಅವಳು ಎದ್ದದ್ದೂ ಎಲ್ಲರಂತೆ ಎದ್ದ ಲೆಕ್ಕಕ್ಕೆ ಸೇರಿಹೋಯಿತು.

*

ಭಾನುವಾರ ಸಂಜೆ ಬಸ್ಸಿನಲ್ಲೇ ಚಹಾ ಕುಡಿಯುವುದು ಗಂಡಹೆಂಡಿರ ರೂಢಿಯಾಗಿತ್ತು. ಬಸ್ಸು ಶೆಡ್ಡಿನೊಳಗೇ ಇರುತ್ತಿತ್ತು. ಅವನು ಡ್ರೈವರ್ ಸೀಟಿನಲ್ಲಿ, ಅವಳು ಪಕ್ಕದಲ್ಲಿ. ಎದುರಿಗೆ ಉಪಕರಣ ತೂಗುಹಾಕಿದ ಗೋಡೆ. ಬೆರಿಲ್ ಕಳಿಸಿದ್ದ ಕೊನೆಯ ಕ್ಯಾಲೆಂಡರನ್ನು ಮರ್ವ್ ಆ ಗೋಡೆಗೆ, ಬಸ್ಸಿನ ಮುಂಗಾಜಿನ ನೇರಕ್ಕೆ ಸರಿಯಾಗಿ ಮೊಳೆ ಹೊಡೆದು ಹಾಕಿದ್ದ. ಎಸ್ಪೆರೆನ್ಸ್‌ನ ಸಮುದ್ರ.

"ನೋಡು, ಬಂದೇಬಿಟ್ವಿ!" ಎನ್ನುವನು. ಅವಳು ನಗುವಳು. ಮೊದಮೊದಲು ನಿಜಕ್ಕೂ ನಗು ಬರುತ್ತಿತ್ತು.

ಒಂದು ಭಾನುವಾರ ಅವಳು ಕೇಳಿದಳು. "ಇನ್ನೇನು ಬಾಕಿ ಇದೆ ಮರ್ವ್ ಇದರಲ್ಲಿ?"

"ಎಲ್ಲ ಮುಗಿದ್ಮೇಲೆ ಏನ್ ಮಾಡ್ತಾರೆ ಕಣೇ?" ಅಂದ. ಅವಳಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ, ತಮಾಷೆ ಎಂದುಕೊಂಡಳು.

ಈ ಮಂಗಳವಾರ ಅವನು ಸತ್ತದ್ದೂ ಆ ಬಸ್ಸಿನ ಕೆಳಗೇ. ಪುಟ್ಟ ಗಾಲಿಗಳಿದ್ದ ಹಲಗೆಯ ಮೇಲೆ ಮಲಗಿ ಅಡಿಗೆ ನುಸುಳಿದ್ದ, ಬೂಟು ಮಾತ್ರ ಹೊರಗೆ. ಚಹಾ ಆರುತ್ತಿದೆ ಎಂದು ಅವಳು ಆ ಬೂಟುಗಳಿಗೆ ಎರಡು ಸಲ ಹೇಳಿದಳು. ಮೂರನೇ ಸಲ ಬೈದಳು.

*

ಹೂಳಿ ಬಂದ ಮೇಲೆ ಚರ್ಚಿನ ಹಿಂದಿನ ಹಜಾರದಲ್ಲಿ ಚಹಾ, ಸ್ಯಾಂಡ್‌ವಿಚ್ಚು, ತೆಂಗಿನತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು. ನೆವ್‌ನ ಹೆಂಡತಿ ರೋಂಡಾ ತಟ್ಟೆ ಹಿಡಿದು ಬಂದು ಪಕ್ಕದಲ್ಲೇ ಕೂತಳು. ಬಿಸಿಲಿಗೆ ಕಂದಿದ ಮುಖ, ನಾಲ್ಕೂ ದಿಕ್ಕಿನ ಗಾಳಿ ಕುಡಿದವಳ ದನಿ. ಇಬ್ಬರೂ ಮುಖಾಮುಖಿ ಆದದ್ದು ಇದೇ ಮೊದಲು.

"ತಪ್ಪು ತಿಳ್ಕೋಬೇಡ ಕಣಮ್ಮಾ. ನೀನು ಹಾಸಿಗೆ ಹಿಡಿದವಳು ಅಂದ್ಕೊಂಡಿದ್ದೆ. ನೋಡಿದ್ರೆ ನನಗಿಂತ ಗಟ್ಟಿ ಇದೀಯ."

"ಯಾರು ಹೇಳಿದ್ದು ನಿಂಗೆ?"

"ಮರ್ವೇ. ಸಂಘದಲ್ಲಿ ಯಾರಾದ್ರೂ 'ಯಾವಾಗ ಹೊರಡ್ತೀಯೋ' ಅಂದ್ರೆ, 'ನಾಳೇನೇ ಹೊರಡ್ತಿದ್ದೆ, ಗ್ಲೆನಿಸ್‌ಗೆ ಸೇತುವೆ ದಾಟಿದ್ರೆ ಎದೆ ಬಡ್ಕೊಳ್ಳುತ್ತೆ' ಅನ್ನೋನು. ನೀನು ಒಂದು ದಿನಾನೂ ಸಂಘಕ್ಕೆ ಬರಲಿಲ್ವಲ್ಲ, ನಾವೂ ನಂಬಿದ್ವಿ."

"ಬರೀ ಗಂಡಸರು, ಪಂಪಿನ ಮಾತು, ನಿನಗೆ ಬೇಜಾರಾಗುತ್ತೆ ಅಂತಿದ್ದ."

ರೋಂಡಾ ಗಹಗಹಿಸಿದಳು. "ಗಂಡಸರಾ? ಅವ್ರು ಪಂಪು ಬಿಚ್ಚೋಷ್ಟರಲ್ಲಿ ನಾವು ಹೆಂಗಸರು ಎರಡು ಬಾಟ್ಲಿ ವೈನು..." ಎನ್ನುತ್ತಲೇ ಗ್ಲೆನಿಸಳ ಮುಖ ನೋಡಿದಳು. ನಗು ಅರ್ಧಕ್ಕೆ ನಿಂತಿತು.

"ನನಗೆ ಯಾವ ಸೇತುವೆ ಕಂಡ್ರೂ ಭಯ ಇಲ್ಲ ರೋಂಡಾ" ಅಂದಳು ಗ್ಲೆನಿಸ್. "ಎಸ್ಪೆರೆನ್ಸ್ ಹೇಗಿದೆ? ಹೋಗಿದೀಯಾ?"

"ಮೂರ್ ಸಲ" ಎಂದಳು ರೋಂಡಾ ಮೆಲ್ಲಗೆ, ತಪ್ಪು ಮಾಡಿದವಳ ಹಾಗೆ.

"ಕಾಂಗರೂ ಮಲಗ್ತಾವಂತೆ, ಅಲೆ ಹತ್ತಿರ."

"ಹೂಂ. ಮಲಗ್ತಾವೆ."

ಗ್ಲೆನಿಸ್ ಲ್ಯಾಮಿಂಗ್ಟನ್ ತೆಗೆದುಕೊಂಡು ಪೂರ್ತಿ ತಿಂದಳು. ಬೆರಳಿಗೆ ಅಂಟಿದ ತೆಂಗಿನತುರಿಯನ್ನೂ ಬಿಡಲಿಲ್ಲ. ಸುತ್ತಲೂ ಎಲ್ಲರೂ ಮರ್ವ್‌ನ ಒಳ್ಳೆಯತನದ ಒಂದೊಂದು ಕತೆ ಹೇಳುತ್ತಿದ್ದರು. ಎಲ್ಲವೂ ನಿಜವಾದ ಕತೆಗಳೇ. ಗ್ಲೆನಿಸಳ ಕಾರಿನ ಎಡಗಿಟಕಿಯ ಗಾಜು ಮೇಲೆ ನಿಲ್ಲದೆ ಮರದ ಬೆಣೆ ಸಿಕ್ಕಿಸಿಕೊಂಡು ಓಡಾಡತೊಡಗಿ ಆರು ವರ್ಷವಾಗಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಮಾತನ್ನು ಅವಳು ಚಹಾದ ಜೊತೆ ನುಂಗಿದಳು.

*

ಸಂಜೆ ನೆವ್ ಬಸ್ಸನ್ನು ಹಿಂದಕ್ಕೆ ತಂದು ಅಂಗಳದಲ್ಲಿ ಶೆಡ್ಡಿಗೆ ಮುಖಮಾಡಿ ನಿಲ್ಲಿಸಿದ. ಪಶ್ಚಿಮಕ್ಕೆ ಮೋಡ ಹಸಿರಾಗಿ ಕಟ್ಟಿತ್ತು. ತಂತಿಯ ಮೇಲಿನ ಗುಲಾಬಿ ಗಿಳಿಗಳು ಒಮ್ಮೆಲೇ ಎದ್ದು ಹೋದವು.

"ಗಾಳಿ ಬಿಟ್ಟು ಒಳಗೆ ಹಾಕ್ಬಿಡ್ತೀನಿ ತಾಯಿ. ಆಲಿಕಲ್ಲು ಬರೋ ಹಾಗಿದೆ."

"ಬೇಡ."

"ಬೇಡ ಅಂದ್ರೆ? ಮೇಲೆ ಸೋಲಾರ್ ಗಾಜು ಇದೆ. ಚೂರಾಗ್ಹೋಗುತ್ತೆ. ಮರ್ವ್ ನೋಡಿದ್ರೆ..."

"ಮರ್ವ್ ನೋಡಲ್ಲ. ಬೀಗದಕೈ ಕೊಡು ನೆವ್."

ಅವನು ಕೊಟ್ಟ. ಏನೋ ಕೇಳಬೇಕೆಂದು ಬಾಯಿ ತೆರೆದ. ಗೇಟಿನ ಆಚೆಯಿಂದ ರೋಂಡಾ ಗಟ್ಟಿಯಾಗಿ ಕೂಗಿದಳು. "ಬಾ ಅಂದ್ರೆ ಬಾರೋ! ಇವತ್ತಿಗೆ ನೀನು ಮಾತಾಡಿದ್ದು ಸಾಕು."

ಅವರು ಹೋದ ಮೇಲೆ ಗ್ಲೆನಿಸ್ ತನ್ನ ಕಾರಿನ ಬಳಿಗೆ ಹೋದಳು. ಶೆಡ್ಡಿನಲ್ಲಿ ಜಾಗವಿಲ್ಲವೆಂದು ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ಅದರ ನೆತ್ತಿಯ ಬಣ್ಣ ಹಾವಿನ ಪೊರೆಯ ಹಾಗೆ ಸುಲಿದಿತ್ತು. ಬಸ್ಸಿನ ಪಕ್ಕದಿಂದ ಸುತ್ತಿಕೊಂಡು, ತೊಲೆಯ ಕೆಳಗೆ ಹಾದು, ಅವಳು ಅದನ್ನು ಒಳಗೆ ನಡೆಸಿದಳು. ಅಷ್ಟು ದೊಡ್ಡ ಶೆಡ್ಡಿನಲ್ಲಿ ಆ ಕಾರು ಹಂಡೆಯೊಳಗೆ ಬಿದ್ದ ಹುರುಳಿಕಾಳಿನ ಹಾಗಿತ್ತು.

ಎಂಜಿನ್ ಆರಿಸಿದಳು. ದೀಪ ಆರಿಸಲಿಲ್ಲ.

ಹೊರಗೆ ಮೊದಲ ಆಲಿಕಲ್ಲು ಬಸ್ಸಿನ ನೆತ್ತಿಗೆ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟಿಗೇ ಸುರಿಯಿತು. ಗಾಜು ಒಡೆಯುವ ಸದ್ದು, ಅದರ ಹಿಂದೆಯೇ ಬಸ್ಸಿನೊಳಗೆ ಎಲ್ಲೋ ಹಿತ್ತಾಳೆಯ ಚಿಲಕವೊಂದು ಟಿಕ್ಕೆಂದು ಬಿಚ್ಚಿ ತಟ್ಟೆಗಳು ಬಿದ್ದ ಸದ್ದು. ಗ್ಲೆನಿಸ್ ಹಿಂತಿರುಗಿ ನೋಡಲಿಲ್ಲ. ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಸೀಟಿನ ಪಟ್ಟಿ ಬಿಚ್ಚದೆ, ಊರು ತಲುಪಿದವಳ ಹಾಗೆ ನೆಟ್ಟಗೆ ಕೂತಿದ್ದಳು. ಎದುರಿನ ಗೋಡೆಯಲ್ಲಿ, ಕಾರಿನ ಎರಡು ದೀಪಗಳ ಹಳದಿ ಬೆಳಕಿನ ನಡುವೆ, ಒಂಬತ್ತು ವರ್ಷದ ಹಿಂದಿನ ಸಮುದ್ರ ಮೊಳೆಯಿಂದ ತೂಗುತ್ತಿತ್ತು.