ಗೇಟಿನಿಂದ ಎಷ್ಟು ಹೆಜ್ಜೆ

ನಮ್ಮೂರು ಡೆಲ್ ರಿಯೋದಿಂದ ಜೈಲಿಗೆ ಕಾರಿನಲ್ಲಿ ಐದೂವರೆ ಗಂಟೆ. ದಾರಿಯಲ್ಲಿ ಮೂರು ಕಡೆ ನಿಲ್ಲಿಸಿದೆ. ಎರಡು ಕಡೆ ಕೆಳಗೆ ಇಳಿಯಲೂ ಇಲ್ಲ. ಎಂಜಿನ್ ಆರಿಸಿದೆ, ಮತ್ತೆ ಹಚ್ಚಿದೆ, ಹೊರಟೆ.

ಎಫ್ರೇನ್ ನನ್ನ ಗಂಡ ಎವರಿಸ್ಟೋನ ತಮ್ಮ. ಮೂರು ವರ್ಷದಿಂದ ಒಂಟಿ ಸೆರೆಯಲ್ಲಿದ್ದಾನೆ. ತೋಳಿನ ಮೇಲಿನ ಹಚ್ಚೆ ನೋಡಿ ಗ್ಯಾಂಗಿನವನೆಂದು ಬರೆದುಕೊಂಡರು. ದಿನಕ್ಕೆ ಇಪ್ಪತ್ತಮೂರು ಗಂಟೆ ಬಾಗಿಲು ಮುಚ್ಚಿದ ಕೋಣೆ. ಅಲ್ಲಿಂದ ಹೊರಗೆ ಬಿಡಬಹುದೇ ಎಂದು ನೋಡಲು ಆರು ತಿಂಗಳಿಗೊಮ್ಮೆ ಸಮಿತಿ ಕೂರುತ್ತದೆ. ಮುಂದಿನದು ಮಂಗಳವಾರ. ವರ್ಷದಿಂದ ಅವನ ಮೇಲೆ ಒಂದು ದೂರೂ ಇಲ್ಲ.

ಎವರಿಸ್ಟೋ ಸತ್ತು ಏಳು ವಾರ. ಹೆದ್ದಾರಿ, ಮುಂಜಾನೆ, ಟ್ರಕ್ಕು. ಎಫ್ರೇನ್‌ಗೆ ಇನ್ನೂ ಗೊತ್ತಿಲ್ಲ.

ಮೂರು ಸಲ ಒಬ್ಬಳೇ ಹೋಗಿ ಸುಳ್ಳು ಹೇಳಿ ಬಂದಿದ್ದೆ. ಅಣ್ಣನಿಗೆ ಕೆಲಸ ಜಾಸ್ತಿ, ಬೆನ್ನುನೋವು, ಮತ್ತೆ ಕೆಲಸ. ಹೋದ ವಾರ ಅವನ ಕಾಗದ ಬಂತು. "ಅಣ್ಣನಿಗೆ ನಾನು ಸಾಕಾಗಿದ್ದರೆ ಬಾಯಿಬಿಟ್ಟು ಹೇಳಲಿ. ನಾನು ನಡೆಯುವುದನ್ನು ನಿಲ್ಲಿಸಿದ್ದೇನೆ. ಇನ್ನು ನೀವೂ ಬರುವುದು ಬೇಡ. ಸೋಮವಾರ ಭೇಟಿಗೆ ಬರುವವರ ಪಟ್ಟಿಯಿಂದ ನಿಮ್ಮಿಬ್ಬರ ಹೆಸರು ತೆಗೆಸುತ್ತೇನೆ."

ನಡೆಯುವುದೆಂದರೆ ಸಾನ್ ಫೆಲಿಪೆಯಲ್ಲಿ ನಡೆಯುವುದು. ಅಣ್ಣ ತಮ್ಮ ಇಬ್ಬರೂ ಬೆಳೆದ ಕೇರಿ ಅದು. ಅವನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ. ಎವರಿಸ್ಟೋ ನಿಜವಾದ ಬೀದಿಯಲ್ಲಿ ಎಣಿಸುತ್ತಾ ನಡೆದು, ಕಾಗದ ಒಳಗೆ ಬಿಡುವುದಿಲ್ಲವಾದ್ದರಿಂದ ಲೆಕ್ಕವನ್ನು ಅಂಗೈಯಲ್ಲಿ ಬರೆದುಕೊಂಡು ಜೈಲಿಗೆ ಹೋಗಿ ತಮ್ಮನಿಗೆ ಹೇಳುತ್ತಿದ್ದ. ಮನೆಬಾಗಿಲಿನಿಂದ ತೋರ್ತಿಯಾ ರೊಟ್ಟಿಯ ಅಂಗಡಿಗೆ ಇನ್ನೂರ ಆರು. ಅಲ್ಲಿಂದ ಹಳ್ಳದ ಸೇತುವೆಗೆ ನೂರ ಎಪ್ಪತ್ತು. ಯಾವ ಅಂಗಡಿ ಮುಚ್ಚಿತು, ಯಾರ ಮನೆಗೆ ಬಣ್ಣ ಬಂತು. ಎಫ್ರೇನ್ ಅಷ್ಟೇ ಹೆಜ್ಜೆಗಳನ್ನು ಕೋಣೆಯಲ್ಲಿ ಹಾಕುತ್ತಿದ್ದ. ನಾನು ಇಬ್ಬರನ್ನೂ ನೋಡಿ ನಗುತ್ತಿದ್ದೆ.

ಕಾಯುವ ಕೋಣೆಯಲ್ಲಿ ಓಪಲ್ ಇದ್ದಳು. ಹನ್ನೊಂದು ವರ್ಷದಿಂದ ಮಗನನ್ನು ನೋಡಲು ಬರುತ್ತಿರುವವಳು. ನನ್ನ ಹಳದಿ ಕುಪ್ಪಸ ನೋಡಿ ತಲೆಯಾಡಿಸಿದಳು.

"ಸಾವಿನ ಕಪ್ಪು ಬಟ್ಟೆ ಬಿಟ್ಟು ಬಂದ್ಯಲ್ಲ, ಒಳ್ಳೇದಾಯ್ತು ಬಿಡು ಮಗಳೇ. ಇವತ್ತು ಹೇಳ್ತೀಯಾ?"

"ಹೇಳ್ಲೇಬೇಕು. ಇಲ್ಲಾಂದ್ರೆ ಸೋಮವಾರ ನನ್ನ ಹೆಸರೂ ಹೋಗುತ್ತೆ. ಅತ್ತೆ ಮಾತ್ರ ಮಂಗಳವಾರ ಕಳೀಲಿ, ಆಮೇಲೆ ಹೇಳು ಅಂತಾರೆ."

"ಜೈಲಿನ ಪಾದ್ರಿ ಕೈಲಿ ಹೇಳಿಸಬೇಡ. ನನ್ನ ತಂಗಿ ಹೋದಾಗ ಅವರು ಬಾಗಿಲ ಸಂದಿಯಿಂದ ಹೇಳಿ ಹೋದ್ರು. ನನ್ಮಗ ಗೋಡೆಗೆ ತಲೆ ಕೊಟ್ಟು ಅತ್ತ. ಅಷ್ಟೇ ಮಾಡಿದ್ದು. ಜೀವಕ್ಕೇನಾದ್ರೂ ಮಾಡ್ಕೊಂಡಾನು ಅಂತ ಬಟ್ಟೆ ಬಿಚ್ಚಿಸಿ ಖಾಲಿ ಕೋಣೆಗೆ ಹಾಕಿದ್ರು. ಒಂಬತ್ತು ದಿನ, ಕಾಗದದ ಅಂಗಿ. ರೇಡಿಯೋ ಇಲ್ಲ, ಪತ್ರ ಇಲ್ಲ. ಆ ಸಲದ ಸಮಿತಿನೂ ಹೋಯ್ತು."

"ಮತ್ತೆ ಹೇಗೆ ಹೇಳ್ಲಿ?"

"ಗಾಜಿನಾಚೆಗೆ ಫೋನಲ್ಲಿ ಆಡಿದ್ದು ಯಾವತ್ತೋ ಯಾರೋ ಕೇಳ್ತಾರೆ. ಆಡೋ ಹೊತ್ತಲ್ಲಿ ಕಾವಲಿನವರು ನೋಡೋದು ಅವನ ಮುಖಾನ. ಮುಖ ಕೆಡದ ಹಾಗೆ ಹೇಳು." ನನ್ನ ಕುಪ್ಪಸದ ಮಡಿಕೆ ಸರಿಮಾಡುತ್ತಾ, "ನಂಗೂ ಗೊತ್ತಿಲ್ಲ ಕಣೇ" ಅಂದಳು.

ಗಾಜಿನ ಆಚೆ ಎಫ್ರೇನ್‌ನನ್ನು ತಂದು ಕೂರಿಸಿ ಕೋಳ ಬಿಚ್ಚಿದರು. ಅವನ ಬೆನ್ನ ಹಿಂದೆ ಒಬ್ಬ ಕಾವಲುಗಾರ ಅತ್ತಿಂದಿತ್ತ ನಡೆಯುತ್ತಿದ್ದ. ಎಫ್ರೇನ್ ಫೋನು ಎತ್ತಿಕೊಂಡ. ಮೊಣಕಾಲು ಆಗಲೇ ಕುಣಿಯುತ್ತಿತ್ತು. ಮೂರು ವರ್ಷದಲ್ಲಿ ಆ ಕಾಲು ಸುಮ್ಮನಿದ್ದುದನ್ನು ನಾನು ನೋಡಿಲ್ಲ.

"ಏನತ್ತಿಗೆ, ಇವತ್ತೂ ಒಬ್ರೇನಾ? ಇವತ್ತೇನು, ಹಲ್ಲುನೋವಾ?"

"ಇವತ್ತು ನಾನು ಕರ್ಕೊಂಡು ಹೋಗ್ತೀನಿ. ನಡಿ."

"ನೀವಾ? ರೈಲುಹಳಿ ಆಚೆಯವರು ನೀವು. ಸಾನ್ ಫೆಲಿಪೆಯಲ್ಲಿ ನಿಮ್ಮನ್ನ ಬಿಟ್ರೆ ಪೊಲೀಸ್ನೋರೇ ಮನೆಗೆ ತಂದುಬಿಡಬೇಕು."

"ಬರ್ತೀಯೋ ಇಲ್ವೋ?"

ಅವನು ಭುಜ ಕುಣಿಸಿದ. ನಾನು ಮಾತಿನಲ್ಲೇ ಅವರ ಮನೆಬಾಗಿಲಿನಿಂದ ಹೊರಟೆ. ಎದುರುಮನೆಯ ನಾಯಿ ಮರಿ ಹಾಕಿದ್ದು, ತೋರ್ತಿಯಾ ಅಂಗಡಿಯವಳು ಹೊಸ ಫ್ಯಾನು ಹಾಕಿಸಿದ್ದು, ಎಲ್ಲ ಹೇಳಿದೆ. ಅಂಗಡಿ ದಾಟಿ ಬಲಕ್ಕೆ ತಿರುಗಿಸಿದೆ.

"ಅಯ್ಯೋ, ಎಡಕ್ಕೆ! ಹಾಗೆ ಹೋದ್ರೆ ಇಬ್ರೂ ಹಳ್ಳಕ್ಕೆ ಬೀಳ್ತೀವಿ."

ಎಡಕ್ಕೆ ತಿರುಗಿಸಿದೆ. ಸೇತುವೆ ದಾಟಿದೆವು. ಅವನ ಮುಖದ ಬಿಗಿ ಸಡಿಲವಾಗುತ್ತಿತ್ತು. ಕ್ಷೌರದಂಗಡಿ ಬಂತು. ಅಲ್ಲಿಂದ ಎವರಿಸ್ಟೋ ಯಾವಾಗಲೂ ಶಾಲೆಯ ಮೈದಾನದ ಕಡೆಗೆ ಇಳಿಯುತ್ತಿದ್ದ.

"ಇಲ್ಲಿ ಮೇಲಕ್ಕೆ" ಅಂದೆ.

"ಮತ್ತೆ ತಪ್ಪಿದ್ರಿ. ಅದು ಸ್ಮಶಾನದ ದಾರಿ."

"ಗೊತ್ತು."

"ಅಲ್ಲಿಗ್ಯಾಕೆ?"

ಅವನ ಮೊಣಕಾಲು ನಿಂತಿತು.

ಕಾವಲುಗಾರನೂ ನಿಂತ. ಎಫ್ರೇನ್ ನನ್ನ ಕುಪ್ಪಸ ನೋಡಿದ, ಬೆರಳಿನ ಉಂಗುರ ನೋಡಿದ, ನನ್ನ ಪಕ್ಕದ ಖಾಲಿ ಜಾಗ ನೋಡಿದ.

"ನಡೀತಾ ಇರು" ಅಂದೆ. "ನಿಲ್ಲಬೇಡ. ಎಫ್ರೇನ್, ನಡಿ."

"ಏನೋ, ಏನಾಯ್ತು?" ಎಂದು ಕಾವಲುಗಾರ ಬಗ್ಗಿದ್ದು ಫೋನಿನಲ್ಲೂ ಕೇಳಿಸಿತು.

ಎಫ್ರೇನ್ ಹಲ್ಲು ಬಿಟ್ಟ. ನಗುವಿನ ಹಾಗೇ ಇತ್ತು. "ಏನಿಲ್ಲ ಸಾರ್. ನಮ್ಮತ್ತಿಗೆಗೆ ದಾರಿ ಗೊತ್ತಾಗಲ್ಲ. ಬೈತಿದ್ದೆ."

ಕಾವಲುಗಾರ ಸ್ವಲ್ಪ ಹೊತ್ತು ನಿಂತು ಮುಂದೆ ಹೋದ. ಮೊಣಕಾಲು ಮತ್ತೆ ಶುರುವಾಯಿತು, ಮೊದಲು ತಪ್ಪುತಪ್ಪಾಗಿ.

"ಎಷ್ಟು ದಿನ ಆಯ್ತು?"

"ಏಳು ವಾರ. ಟ್ರಕ್ಕು. ಅಲ್ಲೇ ಆಗಿಹೋಯ್ತಂತೆ."

"ನಾನು ಅವನಿಗೆ ಏನೇನೋ ಬರೆದ್ನಲ್ಲ ಅತ್ತಿಗೆ."

"ಅವನು ಓದಿಲ್ಲ."

ಆ ಮಾತು ಸಮಾಧಾನಕ್ಕೆಂದು ಆಡಿದ್ದೋ ಏನೋ, ನನಗೇ ತಿಳಿಯಲಿಲ್ಲ. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಗೇಟು ತೆಗೆದಿದೆಯಾ?"

"ತೆಗೆದಿದೆ."

"ಅಪ್ಪನ ಪಕ್ಕಾನಾ?"

"ಅಲ್ಲಿ ಜಾಗ ಇರ್ಲಿಲ್ಲ. ಹಿಂದೆ, ಪೆಕಾನ್ ಮರಗಳ ಆಚೆ. ಹೊಸದಾಗಿ ಬೇಲಿ ಹಾಕಿದ್ದಾರೆ."

"ಅದು ನಾನು ನೋಡಿಲ್ಲ." ಕಣ್ಣು ಮಿಟುಕಿಸದೆ ಗಾಜನ್ನೇ ನೋಡುತ್ತಿದ್ದ. "ಗೇಟಿಂದ ಎಷ್ಟು ಹೆಜ್ಜೆ?"

ನನಗೆ ಗೊತ್ತಿರಲಿಲ್ಲ. ಮಣ್ಣು ಮಾಡಿದ ದಿನ ಯಾರೋ ತೋಳು ಹಿಡಿದು ನಡೆಸಿದ್ದರು. ಆಮೇಲೆ ನಾನು ಆ ಕಡೆಗೇ ಹೋಗಿಲ್ಲ. ಅತ್ತೆ ಪ್ರತಿ ಭಾನುವಾರ ಕರೆಯುತ್ತಾರೆ. ಬಟ್ಟೆ ಒಗೆಯಬೇಕು ಅನ್ನುತ್ತೇನೆ.

"ಎಣಿಸಿಲ್ಲ" ಅಂದೆ.

"ಎಣಿಸ್ದೆ ನಾನು ಹೇಗೆ ಹೋಗ್ಲಿ?"

ಅದರಲ್ಲಿ ಬೈಗುಳದ ದನಿ ಇರಲಿಲ್ಲ. ದಾರಿ ಕೇಳುವವನ ದನಿ, ಅಷ್ಟೇ.

"ಎಣಿಸ್ಕೊಂಡು ಬರ್ತೀನಿ. ನನ್ನ ಹೆಸರು ಪಟ್ಟಿಯಲ್ಲಿ ಇರ್ಲಿ."

"ಇರುತ್ತೆ. ಮಂಗಳವಾರ ಸಮಿತಿ ಮುಗಿಯೋವರೆಗೆ ಗೇಟಲ್ಲೇ ನಿಂತಿರ್ತೀನಿ. ಒಳಗೆ ಹೋಗಲ್ಲ." ಮೂಗಿನಿಂದ ಉಸಿರೆಳೆದುಕೊಂಡ. "ಅವನ ಹೆಜ್ಜೆ ಅಳತೇಲಿ ಎಣಿಸಿ ಅತ್ತಿಗೆ. ನಿಮ್ಮದು ಕೋಳಿ ಹೆಜ್ಜೆ."

ಊರು ಮುಟ್ಟುವಾಗ ಏಳು ದಾಟಿತ್ತು, ಬಿಸಿಲು ಇನ್ನೂ ಇತ್ತು. ಮನೆಗೆ ಹೋಗದೆ ಕಾರನ್ನು ಸ್ಮಶಾನದ ಗೇಟಿಗೆ ತಂದು ನಿಲ್ಲಿಸಿದೆ. ಎವರಿಸ್ಟೋನ ಹಾಗೆ ಕಾಲು ಚಾಚಿ ಹೆಜ್ಜೆ ಹಾಕಿದೆ. ಮಾವನ ಗೋರಿಕಲ್ಲಿನವರೆಗೆ ಎಂಬತ್ತೆಂಟು. ಪೆಕಾನ್ ಮರಗಳ ಹತ್ತಿರ ಲೆಕ್ಕ ತಪ್ಪಿತು. ಹಿಂದಕ್ಕೆ ಬಂದು ಗೇಟಿನಿಂದ ಶುರುಮಾಡಿದೆ. ಈ ಸಲ ಕಡೆಯವರೆಗೂ ಹೋದೆ. ನೂರ ಅರವತ್ತೊಂದು. ಗೋರಿಯ ಹಸಿಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೂರಲಿಲ್ಲ. ಸರಿಯೋ ತಪ್ಪೋ ನೋಡಬೇಕಿತ್ತು. ಮೂರನೆಯ ಸಲ ನೂರ ಅರವತ್ತನಾಲ್ಕು ಬಂತು.

ಕಾವಲಿನ ಮುದುಕ ಬೀಗ ಹಿಡಿದು ನಿಂತಿದ್ದ. "ಏನಾದ್ರೂ ಕಳ್ಕೊಂಡ್ಯಾ ತಾಯಿ? ಗೇಟು ಹಾಕ್ಬೇಕು."

"ಇನ್ನೊಂದು ಸಲ" ಎಂದು ಹೇಳಿ ಗೇಟಿಗೆ ಬೆನ್ನು ಒರಗಿಸಿ ನಿಂತು, ಮೊದಲ ಹೆಜ್ಜೆ ಇಟ್ಟೆ.