ಹಡಪಸರದ ಗಡಿಗೆ

ಹಡಪಸರದಲ್ಲಿ ಕಟ್ಟಡವೊಂದರ ಪಾಯ ತೋಡುವಾಗ ಅಂಬಾಬಾಯಿಯ ಗುದ್ದಲಿಗೆ ಹಳೆಯ ಗಡಿಗೆಯೊಂದು ತಾಕಿ ಎರಡು ವರ್ಷವಾಗಿತ್ತು. ಅಂದು ಕಾಲೇಜಿನವರು ಬಂದು, ಹತ್ತಿಯಲ್ಲಿ ಸುತ್ತಿ, ಬಾಣಂತಿಯ ಕೂಸನ್ನು ಎತ್ತಿಕೊಳ್ಳುವಂತೆ ಅದನ್ನು ಒಯ್ದಿದ್ದರು. ಅದೀಗ ಭೋರ್ ಎಂಬ ಊರಿನ ಸಣ್ಣ ವಸ್ತುಸಂಗ್ರಹಾಲಯದಲ್ಲಿದೆ ಎಂದು ತೊಂಬತ್ತೆಂಟರ ದೀಪಾವಳಿ ರಜೆಯಲ್ಲಿ ಮೇಸ್ತ್ರಿಯ ಬಾಯಿಂದ ತಿಳಿದದ್ದೇ ತಡ, ಅವಳು ಗಂಡ ತಾಯಪ್ಪನಿಗೆ ಗಂಟುಬಿದ್ದಳು.

“ಗಡಿಗಿ ನೋಡ್ಲಾಕ ಬಸ್ಸಿನ್ಯಾಗ ಹೋಗಾದೇನ? ಮನ್ಯಾಗ ಗಡಿಗಿ ಇಲ್ಲೇನ?” ಎಂದ ತಾಯಪ್ಪ.

“ಅದು ನನ್ನ ಕೈಗಿ ಸಿಕ್ಕಿದ್ದು. ಹ್ಯಾಂಗ ಇಟ್ಟಾರ ನೋಡಿ ಬರ್ತೀನಿ. ನೀ ಬರಲಿಲ್ಲಂದ್ರ ನಾನೊಬ್ಬಾಕೀನೇ ಹೋಗ್ತೀನಿ.”

ಮರುದಿನ ಇಬ್ಬರೂ ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ಸು ಹತ್ತಿದರು.

ಸಂಗ್ರಹಾಲಯವೆಂದರೆ ಎರಡೇ ಕೋಣೆ. ತುಕ್ಕು ಹಿಡಿದ ಕತ್ತಿಗಳು, ಸಂಸ್ಥಾನದ ಕಾಲದ ಪೇಟ, ಕಲ್ಲಿನ ಕೊಡಲಿ, ಯಾವುದೋ ಪ್ರಾಣಿಯ ದವಡೆ. ನೋಡಿಕೊಳ್ಳುವವಳು ಇಂದೂ ಎಂಬ ನಿವೃತ್ತ ಶಿಕ್ಷಕಿ. ತವರು ಸೊಲ್ಲಾಪುರ, ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಗಡಿಗೆ ಗಾಜಿನ ಪೆಟ್ಟಿಗೆಯೊಳಗೆ ಕೂತಿತ್ತು. ಅಂಬಾಬಾಯಿಗೆ ಥಟ್ಟನೆ ಗುರುತು ಸಿಕ್ಕಿತು. ಗುದ್ದಲಿಯ ಏಟಿನ ಗಾಯ ಅದರ ಹೊಟ್ಟೆಯ ಮೇಲೆ ಹಾಗೇ ಇತ್ತು. ಬಸ್ಸಿನ ಬೋರ್ಡು ಓದಿ ಓದಿ ಮರಾಠಿ ಅಕ್ಷರ ಕಲಿತಿದ್ದ ತಾಯಪ್ಪ ಕೆಳಗಿನ ಚೀಟಿಯನ್ನು ಕೂಡಿಸಿ ಓದಿ ಹೇಳಿದ: “ಮೂರು ಸಾವಿರ ವರ್ಷದ ಗಡಿಗಿ. ಕೂಲಿಗಳಿಗಿ ಸಿಕ್ಕಿದ್ದು. ಮುಚ್ಚಳ ಕಾಣಿ ಆಗ್ಯಾದ.”

“ಮುಚ್ಚಳಾನಾ?” ಅಂಬಾಬಾಯಿ ಕೈಯಿಂದ ಅಗಲ ತೋರಿಸಿದಳು. “ಇಷ್ಟಗಲದ್ದು, ಕರ್ರಗ, ಒಂದು ಕಡಿ ಚಕ್ಕಿ ಎದ್ದದ್ದೇನ್ರಿ ಬಾಯಿ?”

“ಇರಬಹುದು. ನಿಮಗ ಹ್ಯಾಂಗ ಗೊತ್ತು?” ಇಂದೂ ಹತ್ತಿರ ಬಂದಳು.

“ನಮ್ಮ ಮನ್ಯಾಗ ಅದ ರೀ. ಮರುದಿನ ಮಣ್ಣಿನ ಗುಡ್ಡಿನ್ಯಾಗ ಸಿಕ್ಕಿತ್ತು. ಒಡಕು ಬಟ್ಟಲ ಯಾರಿಗಿ ಬೇಕಂತ ತಂದೆ. ಮಗಚಿ ಉಪ್ಪು ಹಾಕಿಟ್ಟೀನಿ.”

ತಾಯಪ್ಪನ ಮುಖ ಬಿಳುಚಿತು. ಪೊಲೀಸರು ಬರುತ್ತಾರೆಂದೇ ಅವನು ಬಾಗಿಲ ಕಡೆ ನೋಡಿದ. ಇಂದೂ ಮಾತ್ರ ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಮೂರು ಸಾವಿರ ವರ್ಷದ ಉಪ್ಪಿನ ಬಟ್ಟಲ! ಅವ್ವಾ, ಮೊದಲು ಉಪ್ಪು ತಗೀರಿ, ಅದು ಬಟ್ಟಲಾನೇ ತಿಂದು ಹಾಕ್ತದ. ತೊಳೀಬ್ಯಾಡ್ರಿ, ತಿಕ್ಕಬ್ಯಾಡ್ರಿ, ಹಾಂಗೇ ತರ್ರಿ.”

“ತರ್ತೀನಿ,” ಎಂದಳು ಅಂಬಾಬಾಯಿ. ಗಾಜಿನ ಕಡೆ ಬೆರಳು ಮಾಡಿ ಸೇರಿಸಿದಳು: “ಆದ್ರ ಆ ಚೀಟಿನ್ಯಾಗ ಕೂಲಿಗಳು ಅಂತ ಬರದೀರಿ. ನನಗೂ ಹೆಸರದ ರೀ.”

ಇಂದೂ ನಗು ನಿಲ್ಲಿಸಿದಳು. ಹೆಸರು, ಊರು ಕೇಳಿ ಅಲ್ಲೇ ಬರೆದುಕೊಂಡಳು.

ಮುಂದಿನ ಭಾನುವಾರ ಬಟ್ಟಲು ಅಂಬಾಬಾಯಿಯ ತೊಡೆಯ ಮೇಲೆ ಕೂತು ಭೋರಿಗೆ ಬಂತು. ಇಂದೂ ಪೆಟ್ಟಿಗೆ ತೆರೆದು ಅವಳ ಕೈಯಿಂದಲೇ ಇಡಿಸಿದಳು. ಅದು ಗಡಿಗೆಯ ಬಾಯಿಗೆ ಸರಿಯಾಗಿ ಕೂತಿತು. ಅಂಬಾಬಾಯಿಯ ಹೆಸರಿದ್ದ ಹೊಸ ಚೀಟಿಯನ್ನು ತಾಯಪ್ಪ ಎರಡು ಸಲ ಓದಿದ. ಎರಡನೇ ಸಲ ಇನ್ನೂ ಗಟ್ಟಿಯಾಗಿ.

ಅಷ್ಟರಲ್ಲಿ ಶಾಲೆಯ ಮಕ್ಕಳ ದಂಡೊಂದು ಒಳಗೆ ಬಂತು. ಇಂದೂ ಅಂಬಾಬಾಯಿಯನ್ನೇ ಮುಂದೆ ನಿಲ್ಲಿಸಿದಳು. ಅವಳು ಸೆರಗು ಸರಿಮಾಡಿಕೊಂಡು, ಗಡಿಗೆ ಮಣ್ಣಲ್ಲಿ ಹೇಗೆ ಮಲಗಿತ್ತು, ಗುದ್ದಲಿ ತಾಕಿದಾಗ ಎಂಥ ಸದ್ದಾಯಿತು ಎಂದು ಹರಕುಮುರುಕು ಮರಾಠಿಯಲ್ಲಿ ಹೇಳಿದಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು.

“ಒಳಗೆ ಬಂಗಾರ ಇತ್ತಾ?” ಎಂದಳು ಒಬ್ಬ ಹುಡುಗಿ.

“ಇದ್ದಿದ್ದರೆ ನಾನು ಬಸ್ಸಿನಲ್ಲಿ ಬರುತ್ತಿದ್ದೆನಾ, ಮಗಳೇ?” ಎಂದಳು ಅಂಬಾಬಾಯಿ ಮರಾಠಿಯಲ್ಲೇ. ಎರಡೂ ಕೋಣೆ ನಗೆಯಿಂದ ತುಂಬಿಹೋದವು.